ಬೇಸಿನ್ ಕೆಳಗಿನ ಬಕೆಟ್ಟು

ಬೆಳಗಿನ ಆರಕ್ಕೆ ಐದು ನಿಮಿಷ ಬಾಕಿ. ಬಾಗಲಕೋಟೆ ನವನಗರದ ಆಸ್ಪತ್ರೆಯೊಂದರ ಮೂರನೇ ಮಹಡಿ. ನವಜಾತ ಶಿಶುಗಳ ಕೋಣೆಯ ಹೊರಗೆ ಚಂದವ್ವ ನೆಲ ಒರೆಸುವ ಕೋಲುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸುತ್ತಿದ್ದಾರೆ. ಒಟ್ಟು ಒಂಬತ್ತು. ಪ್ರತಿ ಕೋಲಿನ ಹಿಡಿಕೆಗೂ ಬಣ್ಣದ ದಾರ ಬಿಗಿಯಾಗಿ ಸುತ್ತಿದೆ. ಕೆಂಪು ದಾರದ ಕೋಲು ಕೂಸುಗಳಿರುವ ಒಳಕೋಣೆಗೆ ಮಾತ್ರ. ಹಸಿರು, ತಾಯಂದಿರ ವಾರ್ಡಿಗೆ. ಹಳದಿ, ಹೊರಗಿನ ಓಡಾಟದ ಜಾಗಕ್ಕೆ. ಕಪ್ಪು, ಪಾಯಖಾನೆಗೆ. ಅಂಗಡಿಯಲ್ಲಿ ಬಣ್ಣಬಣ್ಣದ ಕೋಲುಗಳೇ ಸಿಗುತ್ತವಂತೆ. ಅವು ಬರುತ್ತವೆ, ಬರುತ್ತವೆ ಎಂದು ಒಂದು ವರ್ಷ ಕಾದು, ಚಂದವ್ವ ಗುಳೇದಗುಡ್ಡದ ತಮ್ಮ ಮನೆಯ ಮಗ್ಗದಿಂದ ಉಳಿದ ದಾರ ತಂದು ಸುತ್ತಿದರು.

ಕೋಲು ಜೋಡಿಸಿದ ಮೇಲೆ ಮೊಣಕಾಲೂರಿ ಕೂಡುತ್ತಾರೆ. ಕೈ ತೊಳೆಯುವ ಬೇಸಿನ್ನಿನ ಕೆಳಗೆ ತಲೆ ಹಾಕಿ, ಮೊಬೈಲಿನ ಬೆಳಕು ಬಿಟ್ಟು, ಒಣ ಕಾಗದದ ಚೂರಿನಿಂದ ಪೈಪಿನ ಸುತ್ತ ಒತ್ತಿ ಒತ್ತಿ ನೋಡುತ್ತಾರೆ. ಕಾಗದ ಒದ್ದೆಯಾಗಿಲ್ಲ. ಮೊಣಕಾಲು ಹಿಡಿದು ಏಳುವಾಗ ಸಣ್ಣಗೆ ನರಳುತ್ತಾರೆ. ಇಂಥ ಬೇಸಿನ್ನುಗಳು ಈ ಮಹಡಿಯಲ್ಲಿ ನಾಲ್ಕಿವೆ. ನಾಲ್ಕಕ್ಕೂ ಇದೇ ತಪಾಸಣೆ, ಒಂದು ಪಾಳಿಯಲ್ಲಿ ಮೂರು ಸಲ.

ಆಸ್ಪತ್ರೆಯ ಹೆಸರು ಹಾಕುವುದಿಲ್ಲ ಎಂಬ ಕರಾರಿನ ಮೇಲೆ ನನ್ನನ್ನು ಒಳಗೆ ಬಿಟ್ಟಿದ್ದಾರೆ. ತಲೆಗೆ ಟೋಪಿ, ಬಾಯಿಗೆ ಮುಸುಕು, ಕಾಲಿಗೆ ಚೀಲ. ಕೈಯನ್ನು ಮಾತ್ರ ಚಂದವ್ವ ತಾವೇ ಎದುರು ನಿಂತು ತೊಳೆಸಿದರು. "ಉಂಗರಾ ತಗೀರಿ" ಎಂದರು. ಇಪ್ಪತ್ತು ವರ್ಷದಿಂದ ಬೆರಳು ಬಿಡದ ಉಂಗುರ ಎಂದೆ. "ಇಪ್ಪತ್ತ ವರ್ಷದ ಹೊಲಸೂ ಅದರ ಬುಡಕ ಐತಿ" ಎಂದರು. ಸಾಬೂನು ಹಚ್ಚಿ ತಿರುಚಿ ತೆಗೆದೆ.

ಇಂಥವರ ಬಗ್ಗೆ ಬರೆಯುವ ನಮ್ಮಂಥವರಿಗೆ ಒಂದು ಚಟವಿದೆ. ಮನೆಯಿಂದ ಹೊರಡುವಾಗಲೇ ಹಾರ ಕಟ್ಟಿಕೊಂಡು ಹೊರಡುತ್ತೇವೆ, ಆಮೇಲೆ ಕೊರಳು ಹುಡುಕುತ್ತೇವೆ. ಎರಡು ವರ್ಷದ ಹಿಂದೆ ಈ ಕೋಣೆಯಲ್ಲಿ ಹಬ್ಬಿದ್ದ, ಯಾವ ಔಷಧಕ್ಕೂ ಬಗ್ಗದ ಸೋಂಕಿನ ಮೂಲವನ್ನು ಪತ್ತೆ ಮಾಡಿಕೊಟ್ಟವರು ಒಬ್ಬ ಕಸಗುಡಿಸುವ ಹೆಂಗಸು ಎಂದು ಯಾರೋ ಹೇಳಿದ್ದರು. ನಾನು ಹಾರ ಹಿಡಿದೇ ಬಂದಿದ್ದೆ. ಚಂದವ್ವ ಮೊದಲ ದಿನವೇ ಅದನ್ನು ತೆಗೆದು ಪಕ್ಕಕ್ಕಿಟ್ಟರು.

"ಚಲೋ ಬರಿಯೂದಕ್ಕ ಮೊದಲ ನಾ ಮಾಡಿದ ತಪ್ಪ ಬರೀರಿ" ಎಂದರು. "ಒಂದ ಕೂಸ ಹೋಗೇತ್ರಿ. ಹೆಂಗ ಹೋತು ಅನ್ನೂದು ಹಡದಾಕಿಗಿ ಇನ್ನಾ ಗೊತ್ತಿಲ್ಲ. ನಿಮ್ಮ ಪೇಪರ ಹುನಗುಂದಕ್ಕ ಹೋಗ್ತೈತಲ್ಲ? ಆಕಿ ಓದಬೇಕು."

ಚಂದವ್ವನವರಿಗೆ ಈಗ ಐವತ್ತೊಂದು. ಹುಟ್ಟಿದ್ದು, ಕೊಟ್ಟದ್ದು ಎರಡೂ ಗುಳೇದಗುಡ್ಡದಲ್ಲೇ, ಎರಡು ಓಣಿಯ ಅಂತರದಲ್ಲಿ. ಗಂಡ ಕಾಶಪ್ಪ ಮನೆಯಲ್ಲೇ ಕುಬಸದ ಖಣ ನೇಯುತ್ತಾರೆ. ಇವರು ಮದುವೆಯಾದಾಗಿನಿಂದ ಲಾಳಿಗೆ ಹಾಕುವ ದಾರದ ಕಂಡಿಕೆ ಸುತ್ತುತ್ತಿದ್ದವರು. ಎರಡು ಮಗ್ಗದಲ್ಲಿ ಒಂದು ನಿಂತಾಗ, ಹದಿನಾಲ್ಕು ವರ್ಷದ ಹಿಂದೆ, ಗುತ್ತಿಗೆದಾರನ ಕೈಕೆಳಗೆ ಈ ಆಸ್ಪತ್ರೆಗೆ ಬಂದರು. ನಾಲ್ಕಕ್ಕೆ ಏಳುತ್ತಾರೆ, ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಾರೆ, ಐದಕ್ಕೂ ಮೊದಲಿನ ಬಸ್ಸು ಹಿಡಿಯುತ್ತಾರೆ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುವಷ್ಟರಲ್ಲಿ ಒಳಕೋಣೆಯ ನೆಲವನ್ನು ಮೂರು ಸಲ ಒರೆಸಿರುತ್ತಾರೆ, ಕೂಸುಗಳನ್ನು ಬೆಚ್ಚಗಿಡುವ ಹನ್ನೆರಡು ಗಾಲಿತೊಟ್ಟಿಲುಗಳ ನಲವತ್ತೆಂಟು ಗಾಲಿ ಒರೆಸಿರುತ್ತಾರೆ, ಕಡಿಮೆಯೆಂದರೆ ಮೂವತ್ತು ಬಕೆಟ್ಟು ನೀರು ಎತ್ತಿರುತ್ತಾರೆ. ಸೊಂಟಕ್ಕೆ ಬಿಗಿದ ಪಟ್ಟಿ ಸೀರೆಯ ಅಡಿಯಲ್ಲಿ ಕಾಣುವುದಿಲ್ಲ.

ಅವರ ತಪ್ಪು ತಿಳಿಯಬೇಕಾದರೆ ಮೊದಲು ಅವರ ನೀರಿನ ಕಥೆ ತಿಳಿಯಬೇಕು.

"ನಮ್ಮ ಓಣ್ಯಾಗ ನಳಾ ಎಂಟ ದಿನಕ್ಕೊಮ್ಮಿ ಬರ್ತಿತ್ರಿ. ಅಕ್ಕಿ ತೊಳದ ನೀರ ಎಮ್ಮಿಗಿ. ಅರಬಿ ಒಗದ ನೀರ ಅಂಗಳಕ್ಕ. ಕೈ ತೊಳದ ನೀರ ಕರಿಬೇವಿನ ಗಿಡಕ್ಕ. ಸುಮ್ಮ ಗಟಾರಕ್ಕ ನೀರ ಬಿಟ್ರ ನಮ್ಮತ್ತಿ ಅವತ್ತ ಊಟಾ ಬಿಡ್ತಿದ್ಲು. ನೀರ ಚೆಲ್ಲಿದ ಕೈ ದರಿದ್ರ ಕೈ ಅಂತಿದ್ಲು."

ಒಳಕೋಣೆಯ ಬಾಗಿಲ ಬಳಿಯ ಬೇಸಿನ್ನಿನ ಪೈಪು ಸೋರತೊಡಗಿದಾಗ ಚಂದವ್ವ ಮೂರು ಸಲ ದೂರು ಬರೆಸಿದರು. ಯಾರೂ ಬರಲಿಲ್ಲ. ನೆಲದ ಮೇಲೆ ನೀರು ಹರಿದು ನರ್ಸ್ ಒಬ್ಬರು ಜಾರಿ ಬಿದ್ದ ದಿನ, ಇವರು ಪೈಪಿನ ತುದಿಯನ್ನು ಕಿತ್ತು ಕೆಳಗೊಂದು ಬಕೆಟ್ಟು ಇಟ್ಟರು. ಮಧ್ಯಾಹ್ನದೊಳಗೆ ಅದು ಎರಡು ಸಲ ತುಂಬುತ್ತಿತ್ತು. ತುಂಬಿದ ನೀರನ್ನು ಚೆಲ್ಲಲು ಕೈ ಬರಲಿಲ್ಲ. ಗುಳೇದಗುಡ್ಡದ ಆ ಓಣಿಯಲ್ಲಿ ಬೆಳೆದ ಯಾರಿಗೂ ಬರುತ್ತಿರಲಿಲ್ಲ.

"ಸಾಬೂನ ನೀರ, ಅದೂ ಡಾಕ್ಟರು ಕೈ ತೊಳದ ನೀರ. ಅದಕ್ಕಿಂತ ಸ್ವಚ್ಛ ನೀರ ಎಲ್ಲಿ ಸಿಗ್ತೈತಿ ಅಂತ ನಾ ತಿಳ್ಕೊಂಡಿದ್ನಿ. ಮೊದಲನೇ ಕೈ ನೆಲಾ ಆ ನೀರಿನ್ಯಾಗ ಒರಸ್ತಿದ್ನಿ. ಎರಡನೇ ಕೈ ನಳದ ನೀರಿಗಿ ಫಿನಾಯಿಲ್ ಹಾಕಿ ಒರಸ್ತಿದ್ನಿ. ನೆಲ ಫಳಫಳ ಅಂತಿತ್ರಿ. ದಿನಾ ಎರಡ ಬಕೀಟ ನೀರ ಉಳಸೀನಿ ಅಂತ ನನಗ ದೊಡ್ಡಸ್ತನ ಬ್ಯಾರೆ."

ದೊಡ್ಡಸ್ತನ ಅವರೊಬ್ಬರದೇ ಆಗಿರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂದು ಗುತ್ತಿಗೆದಾರನ ಮೇಸ್ತ್ರಿಯೂ ಬೆನ್ನು ತಟ್ಟಿದ್ದ. ಯಾರಾದರೂ ತಪಾಸಣೆಗೆ ಬರುವ ದಿನ ಮಾತ್ರ ಬಕೆಟ್ಟನ್ನು ಸಾಮಾನಿನ ಕೋಣೆಗೆ ಸಾಗಿಸಿ, ಪೈಪಿನ ತುದಿಯನ್ನು ಹಾಗೂ ಹೀಗೂ ಸಿಕ್ಕಿಸಿ, ನೆಲಕ್ಕೊಂದು ಹಳೆಯ ಬಟ್ಟೆ ಹಾಸುತ್ತಿದ್ದರು. ಮುಚ್ಚಿಡಬೇಕೆಂದಲ್ಲ. ಮನೆಗೆ ಬೀಗರು ಬಂದಾಗ ನಾವು ಚಪ್ಪಲಿ ಸರಿಸುತ್ತೇವಲ್ಲ, ಹಾಗೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಆ ಕೋಣೆಯಲ್ಲಿ ಒಂದರ ಹಿಂದೊಂದು ಕೂಸಿಗೆ ಜ್ವರ ಬಂತು. ಆರು ವಾರದಲ್ಲಿ ನಾಲ್ಕು ಕೂಸು. ರಕ್ತದ ಮಾದರಿಗಳು ನೆಲಮಹಡಿಯ ಪ್ರಯೋಗಾಲಯಕ್ಕೆ ಹೋದವು. ಅಲ್ಲಿರುವವರು ಬಾದಾಮಿಯ ಮುಬಶೀರಾ, ಮೂವತ್ತರ ಆಸುಪಾಸಿನ ಟೆಕ್ನಿಶಿಯನ್. ಮಾತು ಕಡಿಮೆ. ರೋಗಾಣುವಿನ ವಿಷಯ ಬಂದರೆ ಮಾತ್ರ ನಿಲ್ಲಿಸುವುದಿಲ್ಲ.

ಅವರು ನನಗೊಂದು ಗುಂಡನೆಯ ತಟ್ಟೆ ತೋರಿಸಿದರು. ಅದರ ತುಂಬ ತೆಳ್ಳಗೆ ಕೆನೆಗಟ್ಟಿದಂತೆ ರೋಗಾಣು ಬೆಳೆದಿದೆ. ನಡುನಡುವೆ ಔಷಧ ಹೀರಿಸಿದ ಸಣ್ಣ ಬಿಳಿ ಬಿಲ್ಲೆಗಳು. ಔಷಧ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು, ತಿಳಿಯಾದ ಒಂದು ವೃತ್ತ ಉಳಿಯುತ್ತದೆ. ನಾಟದಿದ್ದರೆ ಕೆನೆ ಬಿಲ್ಲೆಯನ್ನು ಮುಟ್ಟಿಕೊಂಡೇ ಬೆಳೆಯುತ್ತದೆ.

"ಅವತ್ತಿನ ತಟ್ಟಿಯೊಳಗ ಒಂದ ಬಿಲ್ಲಿ ಸುತ್ತನೂ ಜಾಗಾ ಇರಲಿಲ್ರಿ" ಎನ್ನುತ್ತಾರೆ ಮುಬಶೀರಾ. "ಮೆರೊಪೆನೆಮ್ ಅಂತ ಐತಿ, ಉಳದ ಔಷಧ ಎಲ್ಲಾ ಸೋತ ಮ್ಯಾಲೆ ಕೊಡೂದು. ಅದರ ಬಿಲ್ಲಿಗೂ ಹತ್ತಿ ಬೆಳದಿದ್ವು. ತಪ್ಪಾಗೇತಿ ಅಂತ ಮೂರ ಸಲ ಮಾಡಿದೆ. ಮೂರ ಸಲನೂ ಅದ."

ಅದಕ್ಕಿಂತ ದೊಡ್ಡ ಒಗಟು ಮೂರನೆಯ ಕೂಸಿನದು. ಮೊದಲ ಎರಡರಲ್ಲಿ ಸಿಕ್ಕದ್ದು ಕ್ಲೆಬ್ಸಿಯೆಲ್ಲಾ ಎಂಬ ರೋಗಾಣು. ಮೂರನೆಯದರಲ್ಲಿ ಸಿಕ್ಕದ್ದು ಬೇರೆಯೇ ಜಾತಿ, ಎಲ್ಲರ ಕರುಳಿನಲ್ಲೂ ಇರುವ ಇ-ಕೊಲೈ. ಜಾತಿ ಬೇರೆ, ಹಟ ಒಂದೇ. ಎರಡನ್ನೂ ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಔಷಧವನ್ನು ಮುರಿಯುವ ಒಂದೇ ವಂಶವಾಹಿ ಎರಡರಲ್ಲೂ ಇದೆ, ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ ಎಂದು ಉತ್ತರ ಬಂತು.

ನಾನು ಶಾಲೆಯಲ್ಲಿ ಓದಿದ್ದು ವಂಶವಾಹಿ ತಾಯಿಯಿಂದ ಮಗುವಿಗೆ ಬರುತ್ತದೆ ಎಂದು. ರೋಗಾಣುಗಳಿಗೆ ಅಷ್ಟು ಕಾಯುವ ಕೆಲಸವಿಲ್ಲವಂತೆ. ಔಷಧ ಗೆಲ್ಲುವ ಉಪಾಯ ಅವುಗಳ ಒಳಗೆ ಒಂದು ಪುಟ್ಟ ಉಂಗುರದಂಥ ಎಳೆಯಲ್ಲಿ ಬರೆದಿರುತ್ತದೆ. ಅದಕ್ಕೆ ಪ್ಲಾಸ್ಮಿಡ್ ಎನ್ನುತ್ತಾರೆ. ಎರಡು ರೋಗಾಣು ಅಂಟಿಕೊಂಡು ನಿಂತಾಗ ಒಂದು ತನ್ನ ಉಂಗುರದ ಇನ್ನೊಂದು ಪ್ರತಿ ಮಾಡಿ ಪಕ್ಕದ್ದಕ್ಕೆ ದಾಟಿಸುತ್ತದೆ. ಕೊಟ್ಟದ್ದರ ಹತ್ತಿರವೂ ಉಳಿಯುತ್ತದೆ, ಪಡೆದದ್ದಕ್ಕೂ ಬರುತ್ತದೆ. ಪಕ್ಕದ್ದು ತನ್ನ ಜಾತಿಯದೇ ಆಗಬೇಕೆಂದೂ ಇಲ್ಲ. ಮನುಷ್ಯರು ಕೊಡುಕೊಳ್ಳುವಾಗ ನೋಡುವುದನ್ನೆಲ್ಲ ಅವು ನೋಡುವುದಿಲ್ಲ.

ಇಂಥ ಎರಡು ಜಾತಿ ಎಲ್ಲಿಯೋ ಒಂದು ಕಡೆ ಜೊತೆಗಿರಬೇಕು. ಅದನ್ನು ಹುಡುಕಲು ಮುಬಶೀರಾ ಹತ್ತಿ ಸುತ್ತಿದ ಕಡ್ಡಿ ಹಿಡಿದು ಕೋಣೆಯ ಮೂಲೆಮೂಲೆ ಉಜ್ಜುತ್ತಿದ್ದರು. ಮೂರನೆಯ ಸಲ ಬಂದು ಬೇಸಿನ್ನಿನ ಕೆಳಗೆ ಕೂತಿದ್ದಾಗ ಚಂದವ್ವ ಕೇಳಿದರು: "ಏನ ಹುಡಕಾಕತ್ತೀ ತಂಗಿ?"

ಯಾರೂ ಕೇಳದಿದ್ದ ಪ್ರಶ್ನೆ. ಮುಬಶೀರಾ ಕೂತಲ್ಲಿಯೇ ಎಲ್ಲ ಹೇಳಿದರು: ಬೇರೆ ಜಾತಿ, ಒಂದೇ ಉಪಾಯ, ಒಂದರಿಂದ ಒಂದಕ್ಕೆ ದಾಟುವ ಉಂಗುರ. ಚಂದವ್ವ ತಮ್ಮ ಮನೆಯ ಮಾತೇ ಎಂಬಂತೆ ಉತ್ತರಿಸಿದರಂತೆ.

"ಖಣದ ಮ್ಯಾಲಿನ ಹೂ ಮಗ್ಗಕ್ಕ ತಾನ ಗೊತ್ತಿರೂದಿಲ್ಲ ತಂಗಿ. ಮ್ಯಾಲೆ ತೂತ ಹೊಡದ ರಟ್ಟಿನ ಸರ ಕಟ್ಟಿರ್ತಾರ. ಆ ರಟ್ಟ ಯಾವ ಮಗ್ಗಕ್ಕ ಕಟ್ಟಿದ್ರೂ ಅದ ಹೂ ನೇಯ್ತೈತಿ. ಸಂಬಂಧ ಇಲ್ಲದ ಎರಡ ಮನ್ಯಾಗ ಒಂದ ನಮೂನಿ ಹೂ ಬಂತಂದ್ರ, ಯಾರೋ ರಟ್ಟ ಕಡಾ ಕೊಟ್ಟಾರಂತ ತಿಳ್ಕೋಬೇಕು."

"ನಾ ನಾಕ ವರ್ಷ ಓದಿದ್ದನ್ನ ಅವ್ರು ಒಂದ ಮಾತಿನ್ಯಾಗ ಹೇಳಿದ್ರು" ಎಂದು ಮುಬಶೀರಾ ಇಂದಿಗೂ ತಲೆಯಾಡಿಸುತ್ತಾರೆ. "ಹಂಗಾದ್ರ ಕಡಾ ಕೊಟ್ಟ ಮನಿ ಇದ ನೋಡ್ರಿ ಚಂದಕ್ಕಾ ಅಂತ ಪೈಪಿನ ಬಾಗ ತೋರಿಸಿದೆ."

ಬೇಸಿನ್ನಿನ ಕೆಳಗೆ ಪೈಪು ಬಾಗುವಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಒಳಗೋಡೆಗೆ ಲೋಳೆ ಕಟ್ಟಿರುತ್ತದೆ. ಎಲ್ಲರ ಕೈಯಿಂದ ಇಳಿದ ರೋಗಾಣುಗಳು ಆ ಲೋಳೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಬದುಕುತ್ತವೆ. ಅಲ್ಲಿಗೆ ನರ್ಸುಗಳು ಸಿರಿಂಜಿನಲ್ಲಿ ಉಳಿದ ಔಷಧ ಚೆಲ್ಲುತ್ತಿದ್ದರು, ಬಾಟಲಿಯ ತಳದ್ದನ್ನು ಚೆಲ್ಲುತ್ತಿದ್ದರು, ಕೂಸು ಬಿಟ್ಟ ಹಾಲನ್ನೂ ಚೆಲ್ಲುತ್ತಿದ್ದರು. ಹಾಲು ಅವಕ್ಕೆ ಊಟ. ಔಷಧ ಬಡಪಾಯಿಗಳನ್ನು ಕೊಂದು, ಉಪಾಯ ಗೊತ್ತಿದ್ದವನ್ನು ಮಾತ್ರ ಉಳಿಸುತ್ತಿತ್ತು. ಉಳಿದವು ಪಕ್ಕದವಕ್ಕೆ ಉಪಾಯ ಹಂಚುತ್ತಿದ್ದವು. ಕೈ ಶುದ್ಧವಾಗಲೆಂದು ಇಟ್ಟ ಬೇಸಿನ್ನೇ ರೋಗದ ಮನೆಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

"ಇಷ್ಟ ತಿಳೀತು" ಎಂದು ಮುಬಶೀರಾ ಅಂದು ಮಾತು ಮುಂದುವರಿಸಿದ್ದರು. "ಖರೆ, ಇಲ್ಲಿಂದ ಹದಿನೈದ ಫೂಟ ಆಚಿಗಿ ತೊಟ್ಟಿಲದ ಗಾಲಿ ಬುಡಕ ಇದು ಹೆಂಗ ಹೋತು ಅನ್ನೂದ ಬಗೀಹರಿವಲ್ದು. ನೀವು ಒರಸೂ ನೀರಿನ ನಳಾ ತಪಾಸ ಮಾಡೀನಿ. ಅದು ಸ್ವಚ್ಛ ಐತಿ."

ಅಂದು ತಪಾಸಣೆಯ ದಿನ. ಬಕೆಟ್ಟು ಸಾಮಾನಿನ ಕೋಣೆಯಲ್ಲಿತ್ತು.

ಒರೆಸಿದ ನೀರು ಯಾವುದೆಂದು ಆ ಕೋಣೆಯಲ್ಲಿ ಚಂದವ್ವ ಒಬ್ಬರಿಗೇ ಗೊತ್ತಿತ್ತು. ನೆಲದಿಂದ ಗಾಲಿಗೆ, ಗಾಲಿ ಸರಿಸಿದ ಕೈಗೆ, ಆ ಕೈಯಿಂದ ಕೂಸಿಗೆ ದಾರಿ ಎಷ್ಟು ಹತ್ತಿರ ಎಂಬುದೂ ದಿನಾ ನೋಡುವ ಅವರಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಎದ್ದು ಹೋಗಿ ಪಾಯಖಾನೆ ತೊಳೆದರು.

ಎರಡು ದಿನ ಹೇಳಲಿಲ್ಲ. ಬಕೆಟ್ಟಿನ ನೀರು ಮುಟ್ಟಲೂ ಇಲ್ಲ. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಯಾರು ಹೆಸರು ಹಿಡಿದು ಕರೆದರೂ ಬೆಚ್ಚುತ್ತಿದ್ದರು. ಮನೆಯಲ್ಲಿ ಕಾಶಪ್ಪನವರಿಗೆ ಹೇಳಿದಾಗ ಅವರು ಮಗ್ಗ ನಿಲ್ಲಿಸಿ ಕೇಳಿಸಿಕೊಂಡರಂತೆ. ನಾನು ಗುಳೇದಗುಡ್ಡಕ್ಕೆ ಹೋದಾಗ ಅವರನ್ನೇ ಕೇಳಿದೆ. "ಹೇಳಿದ್ರ ಕೆಲಸ ಹೋಕ್ಕೈತಿ ಅಂತ ಮೊದಲ ನಾನ ಬ್ಯಾಡಂದೆ" ಎಂದರು. "ಮರುದಿನ ಆಕಿ ಉಣ್ಣಲಿಲ್ಲ. ಹೋದ್ರ ಹೋಗ್ಲಿ, ಇಬ್ಬರೂ ನೇಯ್ದುಂಡ್ರಾತು, ಹೇಳಿ ಬಾ ಅಂದೆ."

ಮೂರನೆಯ ದಿನ ಬೆಳಿಗ್ಗೆ ಚಂದವ್ವ ಬಂದಾಗ ಕಿಟಕಿಯ ಕಡೆಯ ಎರಡನೆಯ ತೊಟ್ಟಿಲು ಖಾಲಿಯಾಗಿತ್ತು. ಹುನಗುಂದದ ತಾಯಿಯ ಹೆಣ್ಣುಕೂಸು. ಹುಟ್ಟಿ ಹನ್ನೊಂದನೆಯ ದಿನ, ಇನ್ನೂ ಹೆಸರಿಟ್ಟಿರಲಿಲ್ಲ. ಆ ತಾಯಿ ತಾಯಂದಿರ ವಾರ್ಡಿನಲ್ಲಿ ಹಿಂಡಿಕೊಟ್ಟ ಹಾಲನ್ನು ದಿನಾ ತಂದು ನರ್ಸಿನ ಕೈಗೆ ಕೊಡುತ್ತಿದ್ದವರು ಚಂದವ್ವ. ಅಂದು ತೊಟ್ಟಿಲಿನ ಬಟ್ಟೆ ತೆಗೆದು ಒಗೆಯಲು ಹಾಕಿದವರೂ ಅವರೇ. ಆಮೇಲೆ ಸಾಮಾನಿನ ಕೋಣೆಗೆ ಹೋಗಿ ಬಕೆಟ್ಟು ತೆಗೆದುಕೊಂಡು ಮೂರು ಮಹಡಿ ಇಳಿದರು.

"ಟೇಬಲ್ ಮ್ಯಾಲೆ ತಂದಿಟ್ರು" ಎನ್ನುತ್ತಾರೆ ಮುಬಶೀರಾ. "'ಇದನ್ನ ತಪಾಸ ಮಾಡ ತಂಗಿ. ಇದರಾಗಿನ ನೀರಿನ್ಯಾಗ ನಾ ಒರಸೀನಿ' ಅಂದ್ರು. ಅಷ್ಟ. ಅಳಲಿಲ್ಲ. ಅತ್ತಾಕಿ ನಾನು."

ಬಕೆಟ್ಟಿನ ಒಳಗೋಡೆಯ ಜಿಡ್ಡಿನಿಂದ ಎರಡೂ ಜಾತಿ ಬೆಳೆದವು. ಎರಡರಲ್ಲೂ ಅದೇ ಉಂಗುರ.

ಉಳಿದ ಮೂರು ಕೂಸು ಬದುಕಿದವು. ಎಲ್ಲ ಕಡೆಯೂ ಬಳಕೆ ಬಿಟ್ಟಿದ್ದರಿಂದ ಆ ತಟ್ಟೆಯಲ್ಲಿ ಇಟ್ಟಿರದ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಒಂದು ಹಳೆಯ ಔಷಧ ಅವಕ್ಕೆ ನಾಟಿತು. ಬೇಸಿನ್ನು ಒಡೆದು ತೆಗೆದು, ಹೊಸದನ್ನು ಬಾಗಿಲ ಹೊರಗೆ ಕೂಡಿಸಿದರು. ಉಳಿದ ಔಷಧಕ್ಕೆ ಬೇರೆ ಡಬ್ಬ ಬಂತು. ಅಂದಿನಿಂದ ಆ ಕೋಣೆಯಲ್ಲಿ ಆ ಹಟಮಾರಿ ಮತ್ತೆ ಸಿಕ್ಕಿಲ್ಲ. ಆದರೆ ಮೊದಲು ಆದದ್ದು ಅದಲ್ಲ. ಮೊದಲು ಆದದ್ದು ಗುತ್ತಿಗೆದಾರ ಚಂದವ್ವನನ್ನು ಮನೆಗೆ ಕಳಿಸಿದ್ದು.

ಇಪ್ಪತ್ತಾರು ದಿನ ಅವರು ಮನೆಯಲ್ಲಿ ಕಂಡಿಕೆ ಸುತ್ತಿದರು. ವಾಪಸು ಕರೆಸಿದವರು ಮಕ್ಕಳ ವೈದ್ಯ ಶಿವಪ್ರಕಾಶ. ತಪ್ಪು ಒಪ್ಪಿಕೊಂಡವರನ್ನು ಓಡಿಸಿದರೆ ನಾಳೆ ಯಾರು ಬಾಯಿ ಬಿಡುತ್ತಾರೆ ಎಂದು ಆಡಳಿತದವರ ಜೊತೆ ಜಗಳವಾಡಿದರಂತೆ. ಅವರ ಮಾತು ನೇರ.

"ಆ ಬಕೆಟ್ ಆಕಿ ಒಬ್ಬಾಕಿದಲ್ರಿ. ಬೇಸಿನ್ನಿಗೆ ಔಷಧ ಚೆಲ್ಲಿದವ್ರು ನಮ್ಮವ್ರು. ಬ್ಯಾಡಾದಲ್ಲೂ ಔಷಧ ಬರದ ಕೈ ನಂದು. ಸೋರೂ ಪೈಪ ದಾಟಿ ದಿನಾ ನಾನ ಹೋಗೀನಿ. ಒಪ್ಪಿಕೊಂಡಾಕಿ ಮಾತ್ರ ಆಕಿ. ಮತ್ತ ಆ ಎರಡ ದಿನದ ಮಾತು. ಆ ಕೂಸಿಗೆ ಸೋಂಕು ಹತ್ತಿ ಆಗಲೇ ನಾಕ ದಿನ ಆಗಿತ್ತು. ಮೊದಲ ಹೇಳಿದ್ರೂ ಅದು ಉಳೀತಿತ್ತು ಅಂತ ನಾ ಹೇಳಲಾರೆ."

ಹಾಗಾದರೆ ತಾಯಿಗೆ ಇದನ್ನೆಲ್ಲ ಏಕೆ ಹೇಳಲಿಲ್ಲ ಎಂದು ಕೇಳಿದೆ. ವೈದ್ಯರು ಕನ್ನಡಕ ತೆಗೆದು ಒರೆಸಿದರು. "ಸೋಂಕಿನಿಂದ ಅಂತ ಹೇಳೇವಿ. ಸೋಂಕು ಎಲ್ಲಿಂದ ಅಂತ ಹೇಳಲಿಲ್ಲ. ಹೇಳಬೇಕಾಗಿತ್ತು" ಎಂದರು. ನನಗೆ ಸಿಟ್ಟು ಬಂತು. ಹೇಳಬೇಕಾದ ಕೋಟು ತೊಟ್ಟವರು ಒಂದು ಊರು ತುಂಬ ಇದ್ದಾರೆ, ಹೇಳಲಾಗದೆ ಸೊರಗುತ್ತಿರುವವರು ಮಾತ್ರ ಪೊರಕೆ ಹಿಡಿದ ಒಬ್ಬರು.

ವೈದ್ಯರ ಸಮಾಧಾನವನ್ನು ಚಂದವ್ವನ ಮುಂದೆ ಹೇಳಿದೆ. "ಸಾಹೇಬ್ರು ದೊಡ್ಡ ಮನಸಿನವ್ರು, ಹಂಗ ಅಂತಾರ" ಎಂದರು. "ಅವ್ರಿಗಿ ಲೆಕ್ಕಾ ಗೊತ್ತಿರ್ತೈತಿ. ನನಗ ಆ ಎರಡ ದಿನಾ ಅಷ್ಟ ಗೊತ್ತು."

ಈಗ ತಿಂಗಳಿಗೊಂದು ಸಲ ಮುಬಶೀರಾ ಜೊತೆ ಬಾದಾಮಿಗೋ ಇಳಕಲ್ಲಿಗೋ ಹೋಗುತ್ತಾರೆ. ಅಲ್ಲಿನ ಸಣ್ಣ ಆಸ್ಪತ್ರೆಗಳ ಸ್ವಚ್ಛತಾ ಕೆಲಸದವರನ್ನು ಕೂಡಿಸಿ ಮಾತಾಡುತ್ತಾರೆ. ಚೀಲದಲ್ಲಿ ಮಗ್ಗದ ಹಳೆಯ ರಟ್ಟಿನ ನಾಲ್ಕು ಪಟ್ಟಿ ಇರುತ್ತವೆ. ಉಂಗುರದ ಕಥೆಯನ್ನು ಅದರಿಂದಲೇ ತಿಳಿಸುತ್ತಾರೆ. ಇಳಕಲ್ಲಿನಲ್ಲಿ ನೇಕಾರರ ಮನೆಯ ಹೆಂಗಸರೇ ಹೆಚ್ಚು, ಅರ್ಧ ಮಾತಿಗೇ ತಿಳಿಯುತ್ತದೆ. ನಾನು ಹೋದ ದಿನ ಅಲ್ಲೊಬ್ಬರು ಕೈ ತೊಳೆಯುವ ಬೇಸಿನ್ನಿನಲ್ಲೇ ಚಹಾದ ಕಪ್ಪು ತೊಳೆಯುತ್ತಿದ್ದರು. ಚಂದವ್ವ ಬೈಯಲಿಲ್ಲ. ಕಪ್ಪುಗಳನ್ನು ತಾವೇ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೊಳೆದು ತಂದುಕೊಟ್ಟರು. ಆಮೇಲೆ ಎಲ್ಲರೆದುರು ತಮ್ಮ ಬಕೆಟ್ಟಿನ ಕಥೆಯನ್ನು ಶುರುವಿನಿಂದ ಹೇಳಿದರು. ಒಂದನ್ನೂ ಬಿಡಲಿಲ್ಲ. ಬೇಸಿನ್ನಿನಲ್ಲಿ ಕಪ್ಪು ತೊಳೆಯುತ್ತಿದ್ದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಊರೂರಿನಲ್ಲಿ ಹೇಳಬಲ್ಲ ಮಾತನ್ನು ಒಂದೇ ಒಂದು ಮನೆಯಲ್ಲಿ ಹೇಳಲು ಆಗಿರಲಿಲ್ಲ. ಹೋದ ವರ್ಷ ಧೈರ್ಯ ಮಾಡಿ ಹುನಗುಂದಕ್ಕೆ ಹೋಗಿದ್ದರಂತೆ.

"ಬಾಗಲದಾಗ ನನ್ನ ನೋಡಿ ಆ ಹುಡುಗಿ ಓಡಿ ಬಂದು ಕೈ ಹಿಡಕೊಂಡ್ಲು. 'ನನ್ನ ಕೂಸಿಗಿ ಹಾಲ ಮುಟ್ಟಿಸಿದಾಕಿ' ಅಂತ ತನ್ನ ಅತ್ತಿಗಿ ಹೇಳಿದ್ಲು. ಉಣ್ಣಾಕ ಹಾಕಿದ್ರು. ಹೊಂಟ ನಿಂತಾಗ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಖಣ ಇಟ್ಟು ಉಡಿ ತುಂಬಿದ್ಲು. ನಮ್ಮೂರ ಖಣಾನ ರಿ ಅದು, ಆನಿ ಹೆಜ್ಜಿ ನಮೂನಿದು. ಉಡಿಯೊಳಗ ಅದನ್ನ ಹಿಡಕೊಂಡು ಏನ ಹೇಳ್ಲಿ? ಬಸ್ಸಿನ್ಯಾಗ ಕೂತ ಮ್ಯಾಲೆ ಅತ್ತೆ."

ಆ ಖಣ ಟ್ರಂಕಿನಲ್ಲಿದೆ. ಹೊಲಿಸಿಲ್ಲ. ಮತ್ತೆ ಹೋದರೆ ಮತ್ತೆ ಉಡಿ ತುಂಬುತ್ತಾರೆ ಎಂಬ ಹೆದರಿಕೆಯಿಂದಲೇ ಪತ್ರಿಕೆಯಲ್ಲಿ ಬರಲಿ ಎಂದು ಅವರಿಗೆ ಅನ್ನಿಸಿದ್ದು. ಬರೆದದ್ದಕ್ಕೆ ಯಾರೂ ಉಡಿ ತುಂಬುವುದಿಲ್ಲವಲ್ಲ.

ನಾನು ಒಪ್ಪಲಿಲ್ಲ. ಕೂಸು ಕಳೆದುಕೊಂಡವಳು ಇದನ್ನು ಭಾನುವಾರ ಚಹಾ ಕುಡಿಯುತ್ತ ಪುರವಣಿಯಲ್ಲಿ ಓದಬಾರದು, ನಿಮ್ಮ ಬಾಯಿಂದ ಕೇಳಬೇಕು, ಅಲ್ಲಿಯವರೆಗೆ ಅಚ್ಚು ಹಾಕುವುದಿಲ್ಲ ಎಂದೆ. ಅವರ ಹೆಸರನ್ನಾದರೂ ಬದಲಿಸೋಣ, ಕೆಲಸಕ್ಕೆ ಕುತ್ತು ಬಂದೀತು ಎಂದೂ ಹೇಳಿದೆ. ಹೆಸರಿನ ಮಾತಿಗೆ ತಲೆ ಅಲ್ಲಾಡಿಸಿದರು. "ಬ್ಯಾರೆ ಹೆಸರ ಹಾಕಿದ್ರ ಬ್ಯಾರೆ ಯಾರೋ ಮಾಡ್ಯಾರ ಅಂದಂಗಾಗ್ತೈತಿ" ಎಂದರು. ಹುನಗುಂದದ ಮಾತಿಗೆ ಒರೆಸುವ ಬಟ್ಟೆ ಹಿಂಡುತ್ತ ಕೂತುಬಿಟ್ಟರು. ಹೀಗಾಗಿ ಈ ಬರಹ ನನ್ನ ಮೇಜಿನ ಮೇಲೆ ಐದು ವಾರ ಕೂತಿತು. ಪುರವಣಿಯ ಸಂಪಾದಕರು ಎರಡು ಸಲ ಕೇಳಿದರು. ಆ ಜಾಗದಲ್ಲಿ ಒಮ್ಮೆ ಮಹಾಕೂಟದ ಹೊಂಡದ ಚಿತ್ರ ಹಾಕಿದರು.

ಕಳೆದ ಮಂಗಳವಾರ ಮಧ್ಯಾಹ್ನ ಫೋನು ಬಂತು. ಹಿಂದೆ ಬಸ್ ನಿಲ್ದಾಣದ ಗದ್ದಲ.

"ಹೇಳಿದೆನ್ರಿ. ಹೊಸ್ತಿಲ ದಾಟೂ ಮೊದಲ ನಿಂತ ಹೇಳಿದೆ. ಬಕೀಟದ್ದೂ ಹೇಳಿದೆ, ಎರಡ ದಿನಾ ಸುಮ್ಮನಿದ್ದದ್ದೂ ಹೇಳಿದೆ."

ಏನಂದರು ಎಂದೆ.

"ಬಾಗಲಾ ಹಿಡಕೊಂಡ ನಿಂತ್ಲು. ಆಮ್ಯಾಲೆ, 'ಈಗ ಆ ನೀರ ಎಲ್ಲಿ ಬಿಡ್ತೀರಿ?' ಅಂತ ಕೇಳಿದ್ಲು. ಗಟಾರಕ್ಕ ಬಿಡ್ತೇವವ್ವಾ, ಒಂದ ಹನಿನೂ ಹಿಡಿಯೂದಿಲ್ಲ ಅಂದೆ."

ಬರೆಯಬಹುದೇ?

"ಬರೀಲಿ ಅಂದಾಳ. ಆಕಿ ಹೆಸರ ಹಾಕಬ್ಯಾಡ್ರಿ. ನಂದ ಹಾಕ್ರಿ."

ಬಸ್ಸು ಬಂತೆಂದು ಯಾರೋ ಕೂಗಿದರು. ಫೋನು ಇಡುತ್ತಾರೇನೋ ಎಂದುಕೊಂಡೆ. ಇಡಲಿಲ್ಲ.

"ಈ ಸಲ ಉಡಿ ತುಂಬಲಿಲ್ರಿ" ಎಂದರು. "ಕುಡ್ಯಾಕ ಒಂದ ತಂಬಗಿ ನೀರ ಕೊಟ್ಲು. ಕುಡದು ಬಂದೆ."